ಅಮ್ಮನ ಹೆಸರು ಕೆಳಗೆ ಇಳಿಸ್ಲಾ?

ಕಳೆದ ಭಾನುವಾರ ನಮ್ಮಮ್ಮ ಸತ್ತೋದ್ರು. ಗಾಬರಿ ಆಗ್ಬೇಡಿ, ಮೈಸೂರಲ್ಲಿ ಗಟ್ಟಿಮುಟ್ಟಾಗಿದ್ದಾರೆ, ನಿನ್ನೆ ಫೋನಲ್ಲಿ ಅರ್ಧ ಗಂಟೆ ಗ್ಯಾಸ್ ಸಿಲಿಂಡರ್ ತರೋ ಹುಡುಗನ್ನ ಬೈದ್ರು. ಸತ್ತಿದ್ದು ಇಲ್ಲಿ, ಪೆನ್ಸಿಲ್ವೇನಿಯಾದ ನಮ್ಮ ಪುಟ್ಟ ಎಪಿಸ್ಕೋಪಲ್ (ಅಂದ್ರೆ ಅಮೆರಿಕದ ಆಂಗ್ಲಿಕನ್) ಚರ್ಚಲ್ಲಿ, ಹತ್ತೂವರೆ ಆರಾಧನೆಯಲ್ಲಿ, ಮೂವತ್ತೈದು ಜನರ ಎದುರಿಗೆ. ಅದಕ್ಕೆ ಒಪ್ಪಿಗೆ ಕೊಟ್ಟೋನು ನಾನೇ.

ಹೋದ್ವರ್ಷ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರ್ಕೊಂಡಾಗ ನಂಗೆ ರಜಾ ಸಿಗ್ಲಿಲ್ಲ, ಮಾಡಕ್ಕೆ ಬೇರೇನೂ ತೋಚದೆ ಚರ್ಚಿನ ಪ್ರಾರ್ಥನೆ ಪಟ್ಟಿಗೆ ಅಮ್ಮನ ಹೆಸರು ಸೇರಿಸಿ ಅಂದಿದ್ದೆ. ಆಪರೇಷನ್ ಆಯ್ತು, ವಾಕರ್ ಹಿಡ್ಕೊಂಡು ನಡೆದ್ರು, ಆಮೇಲೆ ವಾಕರ್ ಅಟ್ಟಕ್ಕೆ ಹಾಕಿ ದೇವರಾಜ ಮಾರ್ಕೆಟ್‌ಗೆ ಹೋಗಿ ವೀಳ್ಯದೆಲೆಗೆ ಚೌಕಾಸಿ ಮಾಡ್ಕೊಂಡು ಬಂದ್ರು, ಪಟ್ಟಿಯಿಂದ ಹೆಸರು ತೆಗೆಸೋದು ಮಾತ್ರ ನಂಗೆ ಮರ್ತೇಹೋಯ್ತು. ಹೀಗೆ ಒಂದು ವರ್ಷದ ಮೇಲೆ ಪ್ರತಿ ಭಾನುವಾರ ಇಲ್ಲಿನೋರು ನಮ್ಮಮ್ಮನ ಸೊಂಟಕ್ಕೆ ಪ್ರಾರ್ಥನೆ ಮಾಡ್ತಾನೇ ಇದ್ರು. ಅಮ್ಮನ ಹೆಸರಲ್ಲಿ ಒಂದು 'ಳ' ಇದೆ, ಅದು ಇವರ ಬಾಯಲ್ಲಿ ಹೊರಡಲ್ಲ, ವಾರಕ್ಕೊಬ್ಬರು ಓದ್ತಾರೆ, ವಾರಕ್ಕೊಂದು ಹೊಸ ಅಮ್ಮ ಹುಟ್ತಿದ್ರು ನಂಗೆ.

ಈ ಪಟ್ಟಿನೇ ನಮ್ಮ ಚರ್ಚಿನ ನ್ಯೂಸ್‌ಪೇಪರ್. ಬರೀ ಮೊದಲನೇ ಹೆಸರು ಹಾಕ್ತಾರೆ, ಏನು ಕಾಯಿಲೆ ಅಂತ ಬರೆಯಲ್ಲ, ಆದ್ರೂ ಎಲ್ಲರಿಗೂ ಎಲ್ಲ ಗೊತ್ತು. ಯಾರ ಮಗಳು ಮತ್ತೆ ಆಸ್ಪತ್ರೆ ಸೇರಿದ್ಲು, ಯಾರ ಮೊಮ್ಮಗ ಸೈನ್ಯಕ್ಕೆ ಹೋದ, ಎಲ್ಲ ಆ ಅರ್ಧ ಪುಟದಲ್ಲಿರತ್ತೆ. ಅದನ್ನ ಪ್ರತಿ ಗುರುವಾರ ಟೈಪ್ ಮಾಡೋದು ಆಲ್ಟರ್ ಗಿಲ್ಡಿನ, ಅಂದ್ರೆ ಪೂಜಾವೇದಿಕೆ ಅಣಿ ಮಾಡೋ ಗುಂಪಿನ, ಒಬ್ಬ ಅಜ್ಜಿ. ನಮ್ಮ ರೆಕ್ಟರ್, ಅಂದ್ರೆ ಪಾದ್ರಿ, ಅರ್ಧ ಸಂಬಳದೋರು, ಇನ್ನೊಂದು ಊರಿನ ಚರ್ಚೂ ನೋಡ್ಕೋಬೇಕು, ಆಡಳಿತ ನೋಡ್ಕೊಳ್ಳೋ ವಾರ್ಡನ್‌ಗಳಿಬ್ಬರೂ ಚರ್ಚು ತಾವೇ ನಡೆಸ್ತಿದ್ದೀವಿ ಅಂದ್ಕೊಂಡಿದ್ದಾರೆ, ಅದರಲ್ಲೂ ಜೂನಿಯರ್ ವಾರ್ಡನ್ ಅನ್ನೋ ಮನುಷ್ಯಂಗೆ ದೇವರಿಗಿಂತ ಬಾಯ್ಲರ್ ಮೇಲೆ ಭಕ್ತಿ ಜಾಸ್ತಿ. ನಿಜವಾಗ್ಲೂ ನಡೆಸೋರು ಈ ಅಜ್ಜಿ. ಮೇಣದ ಬತ್ತಿ, ಹೂವು, ವೈನು, ಇಸ್ತ್ರಿ ಮಾಡಿದ ಬಟ್ಟೆ, ಎಲ್ಲ ಅವರದ್ದೇ.

ಎರಡು ವಾರದ ಹಿಂದೆ ಕಾಫಿ ಹೊತ್ತಲ್ಲಿ, ನಾನು ಮಡಚೋ ಮೇಜು ಹೊತ್ಕೊಂಡು ಹಾಲಿನ ಆ ಕಡೆ ಹೋಗ್ತಿದ್ದೆ, ಅಜ್ಜಿ ಬಂದು ಮೊಣಕೈ ಹಿಡ್ಕೊಂಡ್ರು. ಅದಕ್ಕೆ ಮುಂಚೆ ಮೂರು ಭಾನುವಾರ ನಾನು ಚರ್ಚಿಗೆ ಹೋಗಿರ್ಲಿಲ್ಲ, ಆಫೀಸಿನ ಕೆಲಸ. ತುಂಬ ಸಣ್ಣ ದನಿಯಲ್ಲಿ ಕೇಳಿದ್ರು: "ನಿಮ್ಮ ಅಮ್ಮನ ಹೆಸರು ಕೆಳಗೆ ಇಳಿಸ್ಲಾ?"

ನಾನಂದೆ: "ಅಯ್ಯೋ, ಇಳಿಸಿ ಇಳಿಸಿ, ನಾನೇ ಹೇಳ್ಬೇಕಿತ್ತು, ಸಾರಿ."

ಅಜ್ಜಿ ಮೊಣಕೈ ಒಂದ್ಸಲ ಒತ್ತಿ ಹೋದ್ರು. ನಾನು ಮೇಜು ಇಟ್ಟು ಡೋನಟ್ ತಿಂದೆ.

ನಾನು ಅಂದ್ಕೊಂಡಿದ್ದು, ಹೊಸದಾಗಿ ಕಾಯಿಲೆ ಬಿದ್ದೋರು ಮೇಲೆ, ಹಳಬರು ಕೆಳಗೆ ಅಂತ. ಪಟ್ಟಿ ಕೆಳಗಡೆ ಒಂದು ಗೆರೆ, ಗೆರೆ ಕೆಳಗೆ ತೀರ್ಕೊಂಡೋರ ಹೆಸರು ಅನ್ನೋದು ಒಂದು ವರ್ಷದಿಂದ ಕಣ್ಣಿಗೆ ಬಿದ್ದಿದ್ರೂ ತಲೆಗೆ ಹೋಗಿರ್ಲಿಲ್ಲ. ನನ್ನ ತಪ್ಪೂ ಅಲ್ಲ ಅನ್ನಿ, ನಮ್ಮ ಕಡೆ ಸತ್ತೋರು ಮೇಲೆ ಹೋಗ್ತಾರೆ. 'ಮೇಲೆ ಹೋದ್ರು' ಅಂದ್ರೆ ಮಗುಗೂ ಗೊತ್ತಾಗತ್ತೆ. ಕೆಳಗೆ ಇಳಿಸೋದು ಅಂದ್ರೆ ನಂಗೇನು ಗೊತ್ತು.

ಭಾನುವಾರ ನಮ್ಮ ರೆಕ್ಟರ್ ಇರ್ಲಿಲ್ಲ, ಬದಲಿಗೆ ಒಬ್ಬರು ರಿಟೈರ್ ಆದ ಪಾದ್ರಿ ಬಂದಿದ್ರು, ಅವರಿಗೆ ನಾವ್ಯಾರೂ ಗೊತ್ತಿಲ್ಲ. ಪ್ರಾರ್ಥನೆ ಪುಸ್ತಕದಲ್ಲಿ ಸಭೆಯ ಪ್ರಾರ್ಥನೆಗೆ ಆರು ಥರದ ಕ್ರಮ ಇದೆ, ಈ ಕಾಲದಲ್ಲಿ ನಮ್ಮಲ್ಲಿ ಮೂರನೇದು, ಅವರೊಂದು ಸಾಲು ಹೇಳ್ತಾರೆ, ನಾವೊಂದು ಸಾಲು ಹೇಳ್ತೀವಿ. ಕಾಯಿಲೆಯವರ ಹೆಸರು ಮುಗೀತು, ಅಮ್ಮನ ಹೆಸರು ಬರ್ಲಿಲ್ಲ, ಓ ತೆಗೆದಿದ್ದಾರೆ ಅಂತ ಸಮಾಧಾನ ಆಯ್ತು. ಆಮೇಲೆ ತೀರ್ಕೊಂಡೋರಿಗೆ ನಿತ್ಯ ವಿಶ್ರಾಂತಿ ಕೊಡು ಅಂತ ಶುರು ಮಾಡಿ ಎರಡು ಹೆಸರು ಓದಿದ್ರು, ಮೂರನೇದು ಏನೋ ಒದ್ದಾಡಿದ ಹಾಗೆ ಬಂತು, ನಾನು ಎಲ್ಲರ ಜೊತೆ ಗಟ್ಟಿಯಾಗಿ, ನಿತ್ಯವಾದ ಬೆಳಕು ಅವರ ಮೇಲೆ ಹೊಳೆಯಲಿ ಅಂದೆ. ಅಂದಾದ್ಮೇಲೆ ಕಿವಿಗೆ ಬಿತ್ತು. ಆ ಒದ್ದಾಡಿದ್ದು 'ಳ'.

ಈ ವಾರ ಪೂರ್ತಿ ಅದೇ ತಲೇಲಿ ಸುತ್ತುತ್ತಿದೆ. ನನ್ನ ಬಾಯಿ, ನನ್ನ ದನಿ, ಅಭ್ಯಾಸಬಲದಿಂದ, ಪುಸ್ತಕ ಕೂಡ ನೋಡದೆ, ಬದುಕಿರೋ ಅಮ್ಮಂಗೆ.

ಅದಾದ್ಮೇಲೆ ಪಾಪದ ಅರಿಕೆ, ಅದು ಮುಗಿದ ತಕ್ಷಣ ಸಮಾಧಾನ ಕೊಡೋ ಹೊತ್ತು. ಇಲ್ಲಿ ಒಂದು ಮಾತು ಹೇಳ್ಬೇಕು, ನಮ್ಮದು ಮೈಸೂರಿನ ಹಳೇ ವೆಸ್ಲಿ ಮಿಷನ್ ಸಂತಾನ, ತಾತ ಮೆಥಡಿಸ್ಟ್ ಆಗಿದ್ದೋರು 1947ರ ಸೆಪ್ಟೆಂಬರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಸಿಎಸ್‌ಐ ಆದ್ರು. ಆ ಸಿಎಸ್‌ಐನವರು 1950ರಲ್ಲಿ ಹೊಸ ಆರಾಧನಾ ಕ್ರಮ ಮಾಡುವಾಗ ಕೇರಳದ ಸಿರಿಯನ್ ಕ್ರೈಸ್ತರಿಂದ ಕೈಗೆ ಕೈ ಕೊಟ್ಟು ಸಮಾಧಾನ ಹೇಳೋ ಪದ್ಧತಿ ತಗೊಂಡ್ರು. ಅದನ್ನ ನೋಡಿ ಬೇರೆ ದೇಶದ ಸಭೆಗಳೂ ಕಲಿತವು. ಈ ಅಮೆರಿಕದೋರ 1928ರ ಪುಸ್ತಕದಲ್ಲಿ ಜನ ಹೀಗೆ ಒಬ್ಬರಿಗೊಬ್ಬರು ಸಮಾಧಾನ ಹೇಳೋದು ಇರ್ಲೇ ಇಲ್ಲ, 1979ರದ್ದರಲ್ಲಿ ಬಂತು. ಹಳಬರು ಕೆಲವರು ಈಗಲೂ ಗೊಣಗ್ತಾರೆ, ದೇವರ ಮನೆಯಲ್ಲಿ ಇದೇನು ಕೈಕುಲುಕೋದು ಅಂತ. ನಾನು ಪ್ರತಿಸಲ ಒಳಗೊಳಗೇ ಬೀಗ್ತಿದ್ದೆ, ಇದು ನಮ್ಮ ಕಡೆಯಿಂದ ಬಂದಿದ್ದು ಕಣ್ರಯ್ಯ ಅಂತ. ಭಾನುವಾರ ಅದು ಬಡ್ಡಿ ಸಮೇತ ವಾಪಸ್ ಬಂತು. ಇಡೀ ಚರ್ಚು ಎದ್ದು ನನ್ನ ಸಾಲಿಗೆ ಬಂತು. ಬಾಯಿ ತೆಗೆಯೋಕೆ ಮುಂಚೆ ಒಬ್ಬರು ತಬ್ಕೊಂಡ್ರು, ಅವರು ಬಿಡೋಕೆ ಮುಂಚೆ ಇನ್ನೊಬ್ಬರು. ಬಾಯ್ಲರ್ ಭಕ್ತ ನನ್ನ ಕೈನ ಎರಡೂ ಕೈಯಲ್ಲಿ ಹಿಡ್ಕೊಂಡು, ಥೇಟ್ ನಮ್ಮೂರಿನ ಚರ್ಚಲ್ಲಿ ಮಾಡೋ ಹಾಗೆ, "ನಮ್ಮಮ್ಮನೂ ಹೋದ ಚಳಿಗಾಲದಲ್ಲೇ" ಅಂದು ನಿಲ್ಲಿಸಿಬಿಟ್ಟ. ಆ ಮನುಷ್ಯನ ಬಾಯಲ್ಲಿ ಪೈಪು, ಗಟರು ಬಿಟ್ಟು ಬೇರೆ ಮಾತು ನಾನು ಕೇಳಿದ್ದೇ ಅವತ್ತು. ಅವನಿಗೆ ಹೇಗೆ ಹೇಳೋದು ನಮ್ಮಮ್ಮ ಇದ್ದಾರಪ್ಪ ಅಂತ?

ಪ್ರಕಟಣೆ ಹೊತ್ತಲ್ಲಿ ಎದ್ದುನಿಂತೆ. ಬೆವರ್ತಿದ್ದೆ. "ದಯವಿಟ್ಟು ಕ್ಷಮಿಸಿ, ನಮ್ಮಮ್ಮ ಬದುಕಿದ್ದಾರೆ" ಅಂದೆ. ಒಂದು ಕ್ಷಣ ಪಿಳಿಪಿಳಿ ನೋಡಿದ್ರು, ಆಮೇಲೆ ಯಾರೋ ಹಿಂದೆ ಗಟ್ಟಿಯಾಗಿ ಹಲ್ಲೆಲೂಯ ಅಂದ್ರು, ಎಪಿಸ್ಕೋಪಲಿಯನ್ನರು ಹಾಗೆಲ್ಲ ಕೂಗೋ ಜನ ಅಲ್ಲ, ಅದಕ್ಕೇ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಪಾದ್ರಿನೂ ನಕ್ಕರು. ಅಜ್ಜಿ ನಗಲಿಲ್ಲ.

ಕಾಫಿಗೂ ಬರ್ಲಿಲ್ಲ. ಹುಡುಕ್ಕೊಂಡು ಹೋದ್ರೆ ಪೂಜಾಬಟ್ಟೆ ಪಾತ್ರೆ ಇಡೋ ಆ ಸಣ್ಣ ರೂಮಲ್ಲಿ ಬಟ್ಟಲು ತೊಳೀತಿದ್ರು. ಅಲ್ಲೊಂದು ವಿಶೇಷದ ಸಿಂಕ್ ಇದೆ, ಅದರ ನೀರು ಚರಂಡಿಗೆ ಹೋಗಲ್ಲ, ನೇರ ಮಣ್ಣಿಗೆ ಹೋಗತ್ತೆ, ಆರಾಧನೆಯ ದ್ರಾಕ್ಷಾರಸ ಗಲೀಜು ಸೇರಬಾರದು ಅಂತ. ನಂಗೆ ಬೆನ್ನು ಹಾಕ್ಕೊಂಡೇ ಅಂದ್ರು: "ಮೂರು ವಾರ ನೀವು ಬರ್ಲಿಲ್ಲ. ಇಂಡಿಯಾಗೆ ಹೋಗಿದ್ದೀರಿ ಅಂದ್ಕೊಂಡೆ. ಕೇಳಕ್ಕೆ ಧೈರ್ಯ ಬರ್ಲಿಲ್ಲ, ಅದಕ್ಕೆ ಹಾಗೆ ಕೇಳಿದೆ."

ಈಗ ಆ ಮಾತನ್ನ ಮತ್ತೆ ಕೇಳಿಸ್ಕೊಂಡ್ರೆ ಬೇರೆ ಥರ ಕೇಳತ್ತೆ. ಕೆಳಗೆ ಇಳಿಸ್ಲಾ. ಎಷ್ಟು ಜನರಿಗೆ ಕೇಳಿರ್ಬೋದು ಅವರು ಹಾಗೆ, ಎಷ್ಟು ಜನ ಹೂಂ ಅಂದಿರ್ಬೋದು, ಅವರ ಗಂಡನ ಹೆಸರನ್ನೂ ಯಾವುದೋ ಗುರುವಾರ ಗೆರೆ ದಾಟಿಸಿದ್ದು ಅವರೇ ತಾನೆ, ಇನ್ಯಾರು ಟೈಪ್ ಮಾಡ್ತಾರೆ. ನಾನು ಡೋನಟ್ ಮೇಲೆ ಕಣ್ಣಿಟ್ಟು ಇಳಿಸಿ ಇಳಿಸಿ ಅಂದೆ. ಅಮ್ಮ ಸತ್ತ ವಿಷಯ ಅಷ್ಟು ಖುಷಿಯಾಗಿ ಹೇಳಿದ್ನಲ್ಲ ಅಂತ ಪಾಪ ಏನಂದ್ಕೊಂಡ್ರೋ.

ಅಂದ ಹಾಗೆ ಆ ಪಟ್ಟಿ ಇರೋ ಚರ್ಚಿನ ಬುಲೆಟಿನ್ ಶುಕ್ರವಾರವೇ ಈಮೇಲಲ್ಲಿ ಎಲ್ಲರಿಗೂ ಹೋಗಿತ್ತಂತೆ. ನಾನೊಂದು ದಿನ ತೆಗೆದು ನೋಡಿದೋನಲ್ಲ. ಎರಡು ದಿನ ಎಲ್ಲರಿಗೂ ಗೊತ್ತಿದ್ರೂ ಒಂದು ಫೋನ್ ಇಲ್ಲ, ಒಬ್ಬರು ಬಾಗಿಲು ತಟ್ಟಲಿಲ್ಲ, ಇವರಿಗೆ ಅದು ಮರ್ಯಾದೆ, ದುಃಖದಲ್ಲಿರೋರನ್ನ ಅವರ ಪಾಡಿಗೆ ಬಿಡೋದು. ನಮ್ಮ ಬೀದಿಯಲ್ಲಾಗಿದ್ರೆ ಹತ್ತು ನಿಮಿಷದಲ್ಲಿ ಚಪ್ಪಲಿ ಬಿಡಕ್ಕೆ ಜಾಗ ಇರ್ತಿರ್ಲಿಲ್ಲ, ಸುಳ್ಳು ಅಂತನೂ ಹನ್ನೊಂದನೇ ನಿಮಿಷಕ್ಕೆ ಗೊತ್ತಾಗ್ತಿತ್ತು. ಆದ್ರೆ ಇವರು ಅಡುಗೆ ಮಾಡಿ ತಂದಿದ್ರು. ಮೂರು ಕ್ಯಾಸರೋಲ್! ಕ್ಯಾಸರೋಲ್ ಅಂದ್ರೆ ಎಲ್ಲ ಒಂದೇ ಪಾತ್ರೆಗೆ ಹಾಕಿ ಮೇಲೆ ಚೀಸ್ ಸುರಿದು ಓವನ್‌ಗೆ ಇಡೋದು. ವಾಪಸ್ ತಗೊಂಡು ಹೋಗಿ ಅಂದ್ರೆ ಕೇಳಲ್ಲ, ಬದುಕಿರೋ ಖುಷಿಗೆ ತಿನ್ನಿ ಅಂತಾರೆ. ಪಾತ್ರೆ ತಳದಲ್ಲಿ ಟೇಪ್ ಅಂಟಿಸಿ ಹೆಸರು ಬರ್ದಿದ್ದಾರೆ, ನಮ್ಮಲ್ಲಿ ಸ್ಟೀಲ್ ಡಬ್ಬಿ ಮೇಲೆ ಹೆಸರು ಕೊರೆಸ್ತಾರಲ್ಲ ಹಾಗೆ. ಟ್ಯೂನಾ ಹಾಕಿದ್ದೊಂದು ಇನ್ನೂ ಫ್ರಿಜ್ಜಲ್ಲಿದೆ, ಯಾರೂ ಮುಟ್ಟುತ್ತಿಲ್ಲ.

ಅಮ್ಮಂಗೆ ಹೇಳೋದೋ ಬೇಡ್ವೋ ಅಂತ ಒಂದು ದಿನ ಒದ್ದಾಡಿ ಹೇಳಿದೆ. ಫೋನ್ ಆ ಕಡೆ ಸುಮ್ನಾದ್ರು. ಅಳ್ತಿದ್ದಾರೇನೋ ಅಂದ್ಕೊಂಡ್ರೆ, "ಒಂದು ವರ್ಷದಿಂದ ನಾನು ಕಾಯಿಲೆಯವಳು ಅಂತ ಅಮೆರಿಕಾಗೆಲ್ಲ ಸಾರಿದ್ದೀಯೇನೋ?" ಅಂದ್ರು. ಅಮ್ಮ, ಅದಲ್ಲ, ಸತ್ತೋಗಿದ್ದೀಯ ಅಂತ ಓದಿದ್ರು ಅಂದೆ. "ಅದಿರ್ಲಿ, ಸತ್ತ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿ. ಆದ್ರೆ ಸತ್ತೋರಿಗೆ ಪ್ರಾರ್ಥನೆ ಯಾಕೋ ಮಾಡ್ತಾರೆ, ನಾವೇನು ಕ್ಯಾಥೋಲಿಕರಾ? ನಿಮ್ಮ ಅಯ್ಯನವರನ್ನ ಕೇಳು." ನಮ್ಮ ಅಯ್ಯನವರು, ಅಂದ್ರೆ ರೆಕ್ಟರ್, ಹೆಂಗಸು ಅಂತ ಇಷ್ಟು ದಿನ ಹೇಳಿರ್ಲಿಲ್ಲ, ಸಿಎಸ್‌ಐಲೂ 1976ರಿಂದ ಹೆಂಗಸರಿಗೆ ದೀಕ್ಷೆ ಕೊಡ್ತಿದ್ದಾರೆ ನಿಜ, ಆದ್ರೂ ಅಮ್ಮನ ಲೆಕ್ಕದಲ್ಲಿ ಅಯ್ಯನವರು ಅಂದ್ರೆ ಗಂಡಸು, ಅಮ್ಮನವರು ಅಂದ್ರೆ ಅವರ ಹೆಂಡತಿ. ಅದನ್ನ ಇನ್ನೊಂದು ದಿನಕ್ಕೆ ಇಟ್ಕೊಂಡೆ.

ಮಂಗಳವಾರ ಪೋಸ್ಟಲ್ಲಿ ಒಂದು ಕವರ್ ಬಂತು. ಅಜ್ಜಿದು, ಭಾನುವಾರಕ್ಕೆ ಮುಂಚೆನೇ ಹಾಕಿದ್ರು ಅಂತ ಕಾಣತ್ತೆ. ಒಳಗೆ ಕಾರ್ಡು, ನಡುಗೋ ಕೈಬರಹ. ನಿಮ್ಮ ತಾಯಿಯನ್ನ ನಾನು ನೋಡಿಲ್ಲ, ಆದ್ರೆ ಪ್ರತಿ ಗುರುವಾರ ಅವರ ಹೆಸರು ಟೈಪ್ ಮಾಡ್ತಿದ್ದೆ, ಕಷ್ಟದ ಸ್ಪೆಲ್ಲಿಂಗು, ಒಂದ್ಸಲನೂ ತಪ್ಪು ಮಾಡಿಲ್ಲ, ಈ ಗುರುವಾರ ಅವರ ಹೆಸರನ್ನ ಆ ಜಾಗದಿಂದ ತೆಗೆಯುವಾಗ ಯಾರೋ ಮನೆ ಖಾಲಿ ಮಾಡ್ಕೊಂಡು ಹೋದ ಹಾಗಾಯ್ತು, ಅಂತ ಬರ್ದಿದ್ರು.

ರಾತ್ರಿ ಅಮ್ಮಂಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳ್ದೆ. ಕ್ಯಾಥೋಲಿಕರ ಮಾತು ಎತ್ತಲಿಲ್ಲ. ಇನ್ನೊಂದ್ಸಲ ಓದು ಅಂದ್ರು, ಓದಿದೆ. ಆ ಅಜ್ಜಿ ಒಬ್ಬರೇ ಇರ್ತಾರಾ, ಊಟಕ್ಕೇನು ಮಾಡ್ತಾರೆ ಅಂತ ಕೇಳಿದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದ್ರು, "ಚೆನ್ನಾಗಿ ಬರ್ದಿದ್ದಾರೆ ಕಣೋ. ಬಿಸಾಕ್ಬೇಡ. ಇಟ್ಕೊಂಡಿರು."