ಸೊಂಟ ಬಿದ್ದ ಸಣ್ಣ ನಾಯಿಯನ್ನು ಮನೆಗೆ ತರುವ ಮೊದಲು

ಹೆದ್ದಾರಿಯಲ್ಲಿ ಗಾಡಿ ಗುದ್ದಿ ಹಿಂಗಾಲು ಸೋತ ಊರನಾಯಿಯ ಮರಿ, ಬೆನ್ನುಮೂಳೆಯ ತೊಂದರೆ ಶುರುವಾದ ಮೇಲೆ ಯಾರೋ ಬಿಟ್ಟುಹೋದ ಡ್ಯಾಶ್‌ಹುಂಡ್, ಕಣ್ಣು ಕಾಣದ ಮುದಿ ಪೊಮೇರಿಯನ್. ಇಂಥವುಗಳ ಫೋಟೊ ವಾಟ್ಸಾಪಿನಲ್ಲಿ ಬಂದಾಗ ‘ನಾವು ಸಾಕುತ್ತೇವೆ’ ಎನ್ನುವ ಮನೆಗಳು ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯಲ್ಲೂ ಇವೆ. ಅಂಥ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಕನಿಕರ ಇದೆಯೇ ಎಂದು ಕೇಳುವ ಅಗತ್ಯವಿಲ್ಲ. ಕೇಳಬೇಕಾದದ್ದು ಬೇರೆಯೇ ಇದೆ: ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಮನೆಯಲ್ಲಿ ಯಾರಿರುತ್ತಾರೆ? ಹಿಂಗಾಲು ಸೋತ ನಾಯಿಗಳಲ್ಲಿ ಬಹಳಷ್ಟಕ್ಕೆ ಮೂತ್ರವನ್ನು ತಾವಾಗಿ ಪೂರ್ತಿ ಬಿಡಲು ಬರುವುದಿಲ್ಲ. ನಾವೇ ಹೊಟ್ಟೆ ಒತ್ತಿ ತೆಗೆಯಬೇಕು, ಎಂಟು ಗಂಟೆಗೊಮ್ಮೆಯಾದರೂ. ಆರು ಗಂಟೆಗೊಮ್ಮೆ ಆದರೆ ಇನ್ನೂ ಒಳ್ಳೆಯದು. ನೆಂಟರ ಮದುವೆ, ಉಪನಯನ, ಕೋಲ, ಬೊಜ್ಜ ಎಂದು ಮನೆಮಂದಿಯೆಲ್ಲ ಒಟ್ಟಿಗೆ ಹೊರಟುಬಿಡುವ ಊರು ನಮ್ಮದು. ಆದ್ದರಿಂದ ಒತ್ತಲು ಕಲಿತವರು ಕನಿಷ್ಠ ಇಬ್ಬರಿರಬೇಕು, ಅವರಲ್ಲಿ ಒಬ್ಬರು ಪಕ್ಕದ ಮನೆಯವರಾದರೆ ಮತ್ತೂ ಒಳ್ಳೆಯದು.

ನಾಯಿಯನ್ನು ನೋಡಲು ಹೋದಾಗ ಮೊದಲು ತಿಳಿಯಬೇಕಾದದ್ದು ಕಾಲು ಹೋದದ್ದು ಹೇಗೆ, ಯಾವಾಗ ಎಂಬುದು. ಅಪಘಾತದ ಗಾಯ, ಎಕ್ಸ್‌ರೇ ಏನೂ ಇಲ್ಲದೆ, ಎರಡು ಮೂರು ದಿನದ ಹಿಂದಷ್ಟೇ ಏಕಾಏಕಿ ಕಾಲು ಸೋತ ಬೀದಿನಾಯಿಯಾದರೆ ಹುಚ್ಚುನಾಯಿ ರೋಗದ ಸಂಶಯ ಇಟ್ಟುಕೊಳ್ಳಲೇಬೇಕು. ರೇಬಿಸ್ ಯಾವಾಗಲೂ ಕಚ್ಚುವ ರೂಪದಲ್ಲೇ ಬರುವುದಿಲ್ಲ. ಸುಮ್ಮನೆ ಬಿದ್ದುಕೊಂಡು, ಜೊಲ್ಲು ಸುರಿಸುತ್ತ, ನುಂಗಲಾಗದೆ, ದನಿ ಬದಲಾಗಿ ಸಾಯುವ ನಾಯಿಗಳೂ ಇವೆ. ಗಂಟಲಲ್ಲಿ ಎಲುಬು ಸಿಕ್ಕಿರಬಹುದು ಎಂದು ಇಂಥ ನಾಯಿಯ ಬಾಯಿಗೆ ಕೈ ಹಾಕುವುದು ತೀರಾ ಅಪಾಯ. ರೋಗದ ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಆದ್ದರಿಂದ ಅಷ್ಟು ದಿನ ಅದನ್ನು ಪ್ರತ್ಯೇಕ ಇಟ್ಟು, ಗ್ಲೌಸ್ ಹಾಕಿಯೇ ಮುಟ್ಟಬೇಕು. ಕಚ್ಚಿದರೆ, ಅಥವಾ ಗಾಯವಿರುವ ಚರ್ಮಕ್ಕೆ ಜೊಲ್ಲು ತಾಗಿದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಇಂಥ ನಾಯಿಗಳನ್ನು ಸಾಕಲು ನಿಶ್ಚಯಿಸಿದವರು ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಕೇಳಿದರೆ ಯಾವ ಯಾವ ದಿನ ಎಂದು ಬರೆದುಕೊಡುತ್ತಾರೆ.

ಪಾದದ ಬೆರಳನ್ನು ಬಲವಾಗಿ ಚಿವುಟಿದರೆ ನೋವು ಗೊತ್ತಾಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಚಿವುಟಿದಾಗ ನಾಯಿ ಕಾಲನ್ನು ಎಳೆದುಕೊಂಡರೆ ‘ಸ್ಪರ್ಶ ಇದೆ, ನಡೆದೇ ನಡೆಯುತ್ತದೆ’ ಎಂದುಕೊಳ್ಳುತ್ತಾರೆ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿಯ ಕೆಳಭಾಗವೇ ಮಾಡುವ ಕೆಲಸ, ಮಿದುಳಿಗೆ ಸುದ್ದಿ ಮುಟ್ಟದೆಯೂ ಅದು ನಡೆಯುತ್ತದೆ. ನಾಯಿ ತಿರುಗಿ ನೋಡಬೇಕು, ಕುಂಯ್‌ಗುಟ್ಟಬೇಕು, ಕಚ್ಚಲು ಬರಬೇಕು. ಆಗ ಮಾತ್ರ ನೋವು ಗೊತ್ತಾಗಿದೆ ಎಂದರ್ಥ. ನೋವು ಗೊತ್ತಾಗುವ ನಾಯಿ ಮತ್ತೆ ನಡೆಯುವ ಸಾಧ್ಯತೆ ಚೆನ್ನಾಗಿರುತ್ತದೆ. ಗೊತ್ತಾಗದೆ ತಿಂಗಳುಗಳೇ ಆಗಿದ್ದರೆ, ಅದು ಹೀಗೆಯೇ ಇರುತ್ತದೆ ಎಂದು ಒಪ್ಪಿಕೊಂಡೇ ಕರೆದುಕೊಂಡು ಬನ್ನಿ. ಹೀಗೆಯೇ ಇದ್ದುಕೊಂಡು ಅದು ವರ್ಷಗಟ್ಟಲೆ ಬದುಕಬಹುದು.

ಇನ್ನು ಮೂತ್ರದ ವಿಷಯ. ಇಡೀ ಸಾಕಣೆ ನಿಂತಿರುವುದೇ ಇದರ ಮೇಲೆ. ನಾಯಿಯ ದೇಹದಲ್ಲಿ ಕಿಲೋ ತೂಕಕ್ಕೆ ಗಂಟೆಗೆ 1ರಿಂದ 2 ಮಿಲಿ ಮೂತ್ರ ತಯಾರಾಗುತ್ತದೆ. ಐದು ಕಿಲೋ ನಾಯಿ ಎಂದರೆ ಎಂಟು ಗಂಟೆಯಲ್ಲಿ 40ರಿಂದ 80 ಮಿಲಿ. ಮೊದಲ ವಾರ ಒಂದು ಅಳತೆಯ ಲೋಟಕ್ಕೆ ಹಿಡಿದು ನೋಡಿ. ಸದಾ ಹತ್ತು ಹದಿನೈದು ಮಿಲಿಯಷ್ಟೇ ಬರುತ್ತಿದ್ದರೆ ಒಂದೋ ನೀವು ಪೂರ್ತಿ ಒತ್ತುತ್ತಿಲ್ಲ, ಇಲ್ಲವೇ ನಾಯಿ ನೀರು ಕುಡಿಯುತ್ತಿಲ್ಲ.

ಒತ್ತುವ ಕ್ರಮ ಹೀಗೆ. ಬಚ್ಚಲಿನಲ್ಲಿ ನೀವು ಸಣ್ಣ ಮಣೆಯ ಮೇಲೆ ಕುಳಿತು, ನಾಯಿಯ ತಲೆ ನಿಮ್ಮ ಎಡಕ್ಕೆ ಬರುವಂತೆ ನಿಲ್ಲಿಸಿಕೊಳ್ಳಿ. ಹಿಂಭಾಗ ನಿಲ್ಲದಿದ್ದರೆ ನಿಮ್ಮ ತೊಡೆಯಿಂದ ಆನಿಸಿ ಹಿಡಿಯಿರಿ. ಎರಡೂ ಅಂಗೈಗಳನ್ನು ನಾಯಿಯ ಹೊಟ್ಟೆಯ ಎರಡು ಪಕ್ಕ, ಅದರ ತೊಡೆಗಳ ಸ್ವಲ್ಪ ಮುಂದೆ ಇಟ್ಟು ಮೆಲ್ಲನೆ ಒಳಗೆ ತನ್ನಿ. ತುಂಬಿದ ಮೂತ್ರಕೋಶ ನಿಂಬೆಹಣ್ಣಿನ ಹಾಗೆ ಗುಂಡಗೆ ಕೈಗೆ ಸಿಗುತ್ತದೆ. ಬೆರಳ ತುದಿಯಿಂದ ಒತ್ತಬಾರದು. ಬೆರಳುಗಳನ್ನು ಚಪ್ಪಟೆಯಾಗಿಟ್ಟು ಎರಡೂ ಕಡೆಯಿಂದ ಸಮನಾಗಿ, ಸ್ವಲ್ಪ ಬಾಲದ ದಿಕ್ಕಿಗೆ, ಒತ್ತಡ ಕೊಟ್ಟು ಹಾಗೆಯೇ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಧಾರೆ ಶುರುವಾಗಬೇಕು. ಅದು ನಿಂತಾಗ ಕೈ ಸಡಿಲಿಸಿ, ಮತ್ತೆ ಹುಡುಕಿ, ಮತ್ತೆ ಒತ್ತಿ. ಕೊನೆಗೆ ಕೈಗೆ ಏನೂ ಸಿಗದಿದ್ದರೆ ಖಾಲಿಯಾಯಿತು ಎಂದು ಲೆಕ್ಕ. ಪೊಮೇರಿಯನ್‌ನಂಥ ನಾಯಿಗೆ ಆ ಭಾಗದ ಕೂದಲನ್ನು ಗಿಡ್ಡ ಕತ್ತರಿಸಿದ್ದರೆ ಧಾರೆಯೂ ಕಾಣುತ್ತದೆ, ತೊಳೆಯುವುದೂ ಸುಲಭ.

ಒತ್ತಿದರೂ ಬರಲಿಲ್ಲ ಎಂದು ಬಲ ಹೆಚ್ಚಿಸಬೇಡಿ. ಬೆನ್ನುಹುರಿಗೆ ಪೆಟ್ಟು ಬಿದ್ದ ಜಾಗ ಮೇಲಿದ್ದರೆ ಮೂತ್ರನಾಳದ ಬಾಯಿ ಬಿಗಿಯಾಗಿಯೇ ಇರುತ್ತದೆ, ಬಲ ಹಾಕಿದರೆ ಮೂತ್ರಕೋಶ ಒಡೆಯಲೂಬಹುದು. ಆ ಬಿಗಿ ಸಡಿಲಿಸಲು ಪ್ರಾಜೋಸಿನ್‌ನಂಥ ಮದ್ದುಗಳಿವೆ, ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಅಷ್ಟರವರೆಗೆ ಅವರೇ ನಳಿಗೆ ಹಾಕಿ ತೆಗೆಯಬೇಕು. ಪೆಟ್ಟು ಕೆಳಗಿದ್ದರೆ ಇದರ ವಿರುದ್ಧ: ಬಾಯಿ ಸಡಿಲ, ಎತ್ತಿಕೊಂಡರೆ ಸಾಕು ಮೂತ್ರ ತೊಟ್ಟಿಕ್ಕುತ್ತದೆ. ‘ನಮ್ಮ ನಾಯಿ ತಾನೇ ಮೂತ್ರ ಮಾಡುತ್ತದೆ’ ಎಂದು ಕೊಡುವವರು ಹೇಳುವುದು ಹೆಚ್ಚಾಗಿ ಇದನ್ನೇ. ಅದು ತುಂಬಿ ಹೊರಚೆಲ್ಲಿದ್ದು, ಖಾಲಿಯಾದದ್ದಲ್ಲ. ಒಳಗೆ ಉಳಿದದ್ದು ಕೊಳೆತು ಸೋಂಕಾಗುತ್ತದೆ. ನಾಯಿಗೆ ಆ ಭಾಗದಲ್ಲಿ ನೋವು ಗೊತ್ತಾಗದ ಕಾರಣ ಸೋಂಕಾದದ್ದು ಹೊರಗೆ ಕಾಣುವುದಿಲ್ಲ. ನಿಮ್ಮ ಮೂಗೇ ಅದನ್ನು ಹಿಡಿಯಬೇಕು. ಮೂತ್ರದ ವಾಸನೆ ಬದಲಾದರೆ, ಕಲಕಿದಂತೆ ಅಥವಾ ಕೆಂಪಾಗಿ ಬಂದರೆ, ಅದೇ ದಿನ ಪರೀಕ್ಷೆಗೆ ಕೊಡಿ. ಏನೂ ಕಾಣದಿದ್ದರೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು ನನ್ನ ಮಟ್ಟಿಗೆ ಕಡ್ಡಾಯ.

ಗ್ಲೌಸ್ ಬೇಕು ಎನ್ನುವುದು ಅಸಹ್ಯಕ್ಕಲ್ಲ. ಇಲಿಜ್ವರ ನಮ್ಮ ಕಡೆ ಮಳೆಗಾಲದ ರೋಗ, ನಾಯಿಯ ಮೂತ್ರದಿಂದಲೂ ಮನುಷ್ಯರಿಗೆ ಹರಡುತ್ತದೆ. ನಾಯಿಗೆ ಇದರ ಲಸಿಕೆ ಇದೆ: ಮೊದಲು ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಮೇ ತಿಂಗಳೊಳಗೆ ಹಾಕಿಸಿಬಿಟ್ಟರೆ ಜೂನ್‌ನ ಮಳೆಗೆ ಮುಂಚೆ ಆಗುತ್ತದೆ.

ಮೂತ್ರ ಸೋರುತ್ತದೆಂದು ನೀರು ಕಡಿಮೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಚರ್ಮ ಸುಡುವುದು ಹೆಚ್ಚು, ಸೋಂಕೂ ಹೆಚ್ಚು. ಐದು ಕಿಲೋ ನಾಯಿಗೆ ಊಟದಲ್ಲಿರುವ ನೀರೂ ಸೇರಿ ದಿನಕ್ಕೆ 250ರಿಂದ 300 ಮಿಲಿ ಹೋಗಬೇಕು. ಡೈಪರ್ ರಾತ್ರಿಗೆ, ಪ್ರಯಾಣಕ್ಕೆ ಇರಲಿ. ಮಕ್ಕಳ ಡೈಪರನ್ನೇ ಬಾಲಕ್ಕೆ ತೂತು ಕತ್ತರಿಸಿ ಹಾಕಬಹುದು, ತೂತಿನ ಅಂಚಿಗೆ ಅಂಟುಪಟ್ಟಿ ಹಚ್ಚದಿದ್ದರೆ ಒಳಗಿನ ಜೆಲ್ ಉದುರಿ ನಾಯಿ ತಿನ್ನುತ್ತದೆ. ಗಂಡುನಾಯಿಗೆ ಹೊಟ್ಟೆಯ ಸುತ್ತ ಕಟ್ಟುವ ಪಟ್ಟಿ ಸಾಕು. ಯಾವುದೇ ಆದರೂ ನಾಲ್ಕು ಗಂಟೆ ಮೀರಿಸಬೇಡಿ. ಪ್ರತಿ ಸಲ ಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆ ಬೈರಾಸಿನಲ್ಲಿ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ವ್ಯಾಸ್ಲಿನ್ ತೆಳ್ಳಗೆ ಸವರಿ. ಮಕ್ಕಳಿಗೆ ಹಚ್ಚುವ ಜಿಂಕ್ ಇರುವ ಕ್ರೀಮು ಬೇಡ, ನಾಯಿ ನೆಕ್ಕಿದರೆ ಅದು ವಿಷ. ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬಟ್ಟೆ ಒಣಗುವುದೇ ಇಲ್ಲ ಎಂಬುದನ್ನು ಮೊದಲೇ ಲೆಕ್ಕ ಹಾಕಿ, ಹಾಸುವ ಬಟ್ಟೆ ಹತ್ತು ಹನ್ನೆರಡಾದರೂ ಇರಲಿ. ಅರ್ಧ ಒಣಗಿದ ಬಟ್ಟೆ ಹಾಸಿದರೆ ವಾರದೊಳಗೆ ತೊಡೆಸಂದಿಯಲ್ಲಿ ಬೂಷ್ಟಿನ ಕಜ್ಜಿ ಶುರುವಾಗುತ್ತದೆ.

ಮಲದ ಸಮಸ್ಯೆ ಇದಕ್ಕಿಂತ ಸುಲಭ. ಊಟವಾದ ಸ್ವಲ್ಪ ಹೊತ್ತಿಗೆ ಒದ್ದೆ ಹತ್ತಿಯಿಂದ ಗುದದ ಸುತ್ತ ಮೆಲ್ಲಗೆ ಸವರಿದರೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಗಟ್ಟಿಯಾದರೆ ಬೇಯಿಸಿ ಹಿಚುಕಿದ ಚೀನಿಕಾಯಿ (ಸಿಹಿಗುಂಬಳ) ಒಂದೆರಡು ಚಮಚ ಅನ್ನದಲ್ಲಿ ಕಲಸಿ. ಹಾಲು ಕೊಡಬೇಡಿ. ಬೇರೆ ನಾಯಿಗೆ ಭೇದಿ ಎಂದರೆ ಅರ್ಧ ದಿನದ ರಗಳೆ, ಇದಕ್ಕೆ ಹಿಂಭಾಗವೆಲ್ಲ ಹುಣ್ಣು.

ತೂಕದಲ್ಲಿ ಕಟ್ಟುನಿಟ್ಟು ಬೇಕು. ಮುಂಗಾಲು ಎರಡೇ ಇಡೀ ದೇಹ ಎಳೆಯುವಾಗ ಐದು ಕಿಲೋ ನಾಯಿಗೆ ಅರ್ಧ ಕಿಲೋ ಹೆಚ್ಚಾದರೂ ಹೆಗಲ ಸಂದು ಸವೆಯುತ್ತದೆ. ಓಡಾಟ ಕಡಿಮೆಯಿರುವ ಐದು ಕಿಲೋ ನಾಯಿಗೆ ದಿನಕ್ಕೆ ಸುಮಾರು 230ರಿಂದ 280 ಕ್ಯಾಲೊರಿ ಸಾಕಾಗುತ್ತದೆ. ಚರ್ಮ ತೆಗೆದು ಬೇಯಿಸಿದ ಕೋಳಿ 80 ಗ್ರಾಂ, ಅನ್ನ 80 ಗ್ರಾಂ, ಸ್ವಲ್ಪ ಚೀನಿಕಾಯಿ ಎಂದರೆ ಅದು ಸರಿಹೋಗುತ್ತದೆ. ಮಾಂಸ ತಾರದ ಮನೆಯಲ್ಲಿ ಮೊಟ್ಟೆಯನ್ನಾದರೂ ಒಪ್ಪಬೇಕು, ಇಲ್ಲವೇ ಅಂಗಡಿಯ ನಾಯಿ ಆಹಾರ ತರಬೇಕು. ಬರೇ ಮಜ್ಜಿಗೆ ಅನ್ನದಲ್ಲಿ ಹುಣ್ಣು ಮಾಯುವುದಿಲ್ಲ. ಮನೆಯ ಅಡಿಗೆಯಲ್ಲಿ ಸುಣ್ಣದಂಶ ಸಾಲದು, ಎಷ್ಟು ಸೇರಿಸಬೇಕೆಂದು ವೈದ್ಯರಲ್ಲಿ ಕೇಳಿಕೊಳ್ಳಿ.

ಎಳೆದುಕೊಂಡು ಹೋಗುವ ನಾಯಿಗೆ ನಮ್ಮ ಮನೆಗಳ ನೆಲ ಒಂದೊಂದು ಥರ ಕಾಡುತ್ತದೆ. ಕಾವಿ ನೆಲ, ಟೈಲ್ಸ್ ಜಾರುತ್ತವೆ. ಮುಂಗಾಲು ಹರಡಿ ಬೀಳದಂತೆ ಅದು ಓಡಾಡುವ ದಾರಿಯಲ್ಲಿ ರಬ್ಬರ್ ಚಾಪೆ ಹಾಸಿ. ಮುರಕಲ್ಲಿನ ಅಂಗಳ ಅರ್ಧ ಗಂಟೆಯಲ್ಲಿ ಪಾದದ ಮೇಲ್ಭಾಗದ ಚರ್ಮ ಕಿತ್ತುಬಿಡುತ್ತದೆ, ನಾಯಿಗೆ ಅದು ಗೊತ್ತೂ ಆಗುವುದಿಲ್ಲ. ಹೊರಗೆ ಬಿಡುವಾಗ ಸೊಂಟದಿಂದ ಕೆಳಗೆ ದಪ್ಪ ಬಟ್ಟೆಯ ಚೀಲ ಹಾಕಿ. ನೆಲ ಒರೆಸುವ ನೀರಿಗೆ ಫಿನೈಲ್ ಬೇಡ, ತರಚಿದ ಚರ್ಮ ಅದರಲ್ಲಿ ಸುಡುತ್ತದೆ. ತೋಟದ ಮನೆಗಳಿಗೆ ಇನ್ನೊಂದು ಮಾತು: ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಇದನ್ನು ಅಡಿಕೆ ಮರಗಳ ಬುಡಕ್ಕೆ ಬಿಡಬೇಡಿ. ಆ ಮದ್ದು, ಅಂದರೆ ಬೋರ್ಡೋ ದ್ರಾವಣದಲ್ಲಿ, 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ. ನಾಲ್ಕು ಕಾಲಿನ ನಾಯಿಗೆ ಅದು ಪಾದಕ್ಕಷ್ಟೇ ತಾಗಿದರೆ ಇದರ ಹೊಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ, ಆಮೇಲೆ ನೆಕ್ಕಿ ಒಳಗೂ ಹೋಗುತ್ತದೆ.

ಮಲಗಲು ಮೂರು ನಾಲ್ಕು ಇಂಚಿನ ಫೋಮ್, ಅದಕ್ಕೆ ರೆಕ್ಸಿನ್ ಹೊದಿಕೆ, ಮೇಲೆ ಹತ್ತಿ ಬಟ್ಟೆ. ಗೋಣಿಚೀಲ ಉಜ್ಜುತ್ತದೆ, ಬೇಡ. ತಾನಾಗಿ ಮಗ್ಗುಲು ಬದಲಿಸಲಾಗದಿದ್ದರೆ ನಾಲ್ಕು ಗಂಟೆ ಮೀರದಂತೆ ನೀವೇ ತಿರುಗಿಸಿ, ಸೊಂಟದ ಮೂಳೆ ಎದ್ದಿರುವ ಜಾಗದಲ್ಲಿ ಕೂದಲು ಉದುರಿ ಕೆಂಪಾಗಿದೆಯೇ ನೋಡಿ. ಕೆಂಪಾದಾಗ ಗಮನಿಸಿದರೆ ಎರಡೇ ದಿನದಲ್ಲಿ ಸರಿಯಾಗುವುದು, ತೂತು ಬಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಸೋತ ಹಿಂಭಾಗವನ್ನು ಹೊತ್ತು ನಾಯಿ ಮುಂಗಾಲಿನಲ್ಲಿ ನಡೆಯಲು ಬೇಕಾದ ಗಾಲಿಬಂಡಿಯನ್ನು ಪೇಟೆಯ ಪ್ಲಂಬಿಂಗ್ ಅಂಗಡಿಯ ಸಾಮಾನಿನಲ್ಲೇ ಮಾಡಬಹುದು. ಐದಾರು ಕಿಲೋ ನಾಯಿಗೆ ಅರ್ಧ ಇಂಚಿನ ಪಿವಿಸಿ ಪೈಪು ಮೂರು ಮೀಟರ್, ಪೈಪು ಜೋಡಿಸುವ ಎಲ್ಬೋ ಮತ್ತು ಟೀ, ನಾಲ್ಕರಿಂದ ಆರು ಇಂಚಿನ ಎರಡು ಗಾಲಿ, ಹಳೆ ಶಾಲೆ ಬ್ಯಾಗಿನ ಪಟ್ಟಿ ಮತ್ತು ಬಕ್ಕಲು. ನಾಯಿಯನ್ನು ನಿಂತ ಸ್ಥಿತಿಯಲ್ಲಿ ಒಬ್ಬರು ಎತ್ತಿಹಿಡಿದು, ನೆಲದಿಂದ ತೊಡೆಸಂದಿಯವರೆಗೆ, ಹೆಗಲಿನಿಂದ ಬಾಲದ ಬುಡದವರೆಗೆ, ಸೊಂಟದ ಅಗಲ, ಈ ಮೂರನ್ನು ಅಳೆಯಿರಿ. ಅಗಲಕ್ಕೆ ಎರಡೂ ಬದಿ ಎರಡೆರಡು ಸೆಂಟಿಮೀಟರ್ ಸೇರಿಸಿ. ಗಾಲಿಯ ಅಚ್ಚು ಸೊಂಟದ ನೇರ ಕೆಳಗೆ ಬರಬೇಕು. ಹಿಂದಕ್ಕೆ ಹೋದರೆ ಭಾರ ಮುಂಗಾಲಿನ ಮೇಲೆ ಬೀಳುತ್ತದೆ, ತುಂಬ ಮುಂದೆ ಬಂದರೆ ಬಂಡಿ ಹಿಂದಕ್ಕೆ ಮಗುಚುತ್ತದೆ. ಬೆನ್ನು ನೆಲಕ್ಕೆ ಸಮಾಂತರವಾಗಿ ಬರುವವರೆಗೆ ಅಂಟು ಹಾಕಬೇಡಿ, ಬರೇ ಸಿಕ್ಕಿಸಿ ನೋಡಿ. ಕೂರುವ ಕುಣಿಕೆಗೆ ಫೋಮ್ ಸುತ್ತಿ, ಎಳೆಯುವ ಪಾದಗಳನ್ನು ಮೆತ್ತನೆಯ ಜೋಲಿಯಲ್ಲಿ ಎತ್ತಿ ಕಟ್ಟಿ. ಮೊದಲ ದಿನಗಳಲ್ಲಿ ಐದು ನಿಮಿಷ, ಆಮೇಲೂ ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಬಂಡಿಯಲ್ಲಿ ಮಲಗಲು ಆಗುವುದಿಲ್ಲ, ಹಾಗಾಗಿ ಒಂಟಿಯಾಗಿ ಬಿಡಲೇಬಾರದು. ಬಿಚ್ಚಿದ ಕೂಡಲೇ ತೊಡೆಸಂದಿ ಪರೀಕ್ಷಿಸಿ.

ಕುರುಡು ನಾಯಿ ಇದಕ್ಕಿಂತ ಎಷ್ಟೋ ಸುಲಭ. ಪಾತ್ರೆ, ಹಾಸಿಗೆ, ಕುರ್ಚಿ ಇದ್ದಲ್ಲೇ ಇದ್ದರೆ ಅದು ಬೇಗನೆ ಮನೆಯನ್ನು ಕಲಿಯುತ್ತದೆ. ಹೊಸ್ತಿಲು, ಮೆಟ್ಟಿಲುಗಳ ಮೊದಲು ಒಂದು ನಾರಿನ ಚಾಪೆ ಹಾಕಿದರೆ ಕಾಲಿಗೆ ಗುರುತು ಸಿಗುತ್ತದೆ. ಭಯವಿರುವುದು ಹೊರಗೆ: ಕಟ್ಟೆ ತಗ್ಗಾದ ಬಾವಿ, ಸುರಂಗದ ನೀರು ಬೀಳುವ ಕೆರೆ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಟದ ಕಣಿ. ಇವಕ್ಕೆ ಬಲೆ ಕಟ್ಟಿದ ಮೇಲೆಯೇ ನಾಯಿಯನ್ನು ತನ್ನಿ. ಅಪಸ್ಮಾರ ಇರುವ ನಾಯಿಯಾದರೆ ಫಿನೋಬಾರ್ಬಿಟಾಲ್ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಹೋಗಬೇಕು, ಒಂದೇ ಸಲಕ್ಕೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರುತ್ತದೆ. ಹರತಾಳದ ದಿನ ಅಂಗಡಿ ಮುಚ್ಚಿರುತ್ತದೆ, ಆದ್ದರಿಂದ ಹದಿನೈದು ದಿನದ ಮಾತ್ರೆ ಸದಾ ಮುಂಗಡ ಇರಲಿ. ಫಿಟ್ಸ್ ಐದು ನಿಮಿಷ ದಾಟಿದರೆ ಮನೆಯಲ್ಲಿ ಕಾಯದೆ ಹೊರಡಿ. ಡಿಸ್ಟೆಂಪರ್ ಎಂಬ ವೈರಾಣು ರೋಗದಿಂದ ಉಳಿದು ಕಾಲು ಅದುರುತ್ತಿರುವ ನಾಯಿಗೆ ಆ ಅದುರು ಹೆಚ್ಚಾಗಿ ಜೀವನಪೂರ್ತಿ ಇರುತ್ತದೆ. ಅದಕ್ಕೆ ಅದರಿಂದ ನೋವಿರಲಿಕ್ಕಿಲ್ಲ, ಆದರೆ ಮನೆಯಲ್ಲಿ ಲಸಿಕೆಯಾಗದ ಮರಿ ಇದ್ದರೆ ಈಗ ತರಬೇಡಿ, ವೈರಾಣು ಕೆಲವು ತಿಂಗಳವರೆಗೂ ಹೊರಬರುತ್ತಿರಬಹುದು.

ಕೊಡುವವರಿಂದ ಚಿಕಿತ್ಸೆಯ ಚೀಟಿ, ಎಕ್ಸ್‌ರೇ, ಲಸಿಕೆಯ ಪುಸ್ತಕ ಕೇಳಿ ಪಡೆಯಿರಿ. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತು ಅಥವಾ ನಗರಸಭೆಯ ಲೈಸೆನ್ಸ್ ಬೇಕು, ಅದಕ್ಕೆ ರೇಬಿಸ್ ಲಸಿಕೆಯ ದಾಖಲೆ ಬೇಕೇ ಬೇಕು. ನಾಯಿಯನ್ನು ಎತ್ತಿಕೊಂಡು ಬರುವ ಮುನ್ನ, ಅಲ್ಲಿಯೇ, ಈವರೆಗೆ ನೋಡಿಕೊಂಡವರ ಎದುರು ಎರಡು ಸಲ ನೀವೇ ಮೂತ್ರ ಒತ್ತಿ ತೋರಿಸಿ. ಅವರ ಕೈ ನಿಮ್ಮ ಕೈ ಮೇಲಿರಲಿ. ಎರಡನೆಯವರೂ ಅದೇ ದಿನ ಜೊತೆಗೆ ಬಂದು ಕಲಿಯಲಿ.