ಚುಂಯ್ ಅನ್ನುವ ಸದ್ದು

ಇವತ್ತು ಬೀಡು ಕಬ್ಬಿಣದ ಕಾವಲಿಯಲ್ಲಿ ಸ್ಟೇಕ್ ಮಾಡಿದೆ. ಮಾಂಸ ಬಿದ್ದ ತಕ್ಷಣ ಚುಂಯ್ ಅಂತ ಒಂದು ಸದ್ದು ಬರುತ್ತದಲ್ಲ, ಅದಕ್ಕೇ ಅರ್ಧ ಹೊಟ್ಟೆ ತುಂಬುತ್ತದೆ!

ಆ ಸದ್ದು ಬೇಕಂದ್ರೆ ಮಾಂಸದ ಮೇಲೆ ನೀರಿನ ಪಸೆ ಇರಬಾರದು. ಬಟ್ಟೆಯಿಂದ ಒತ್ತಿ ಒತ್ತಿ ಒರೆಸಬೇಕು. ಪಸೆ ಇದ್ದರೆ ಕಾವೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ. ನೀರು 100 ಡಿಗ್ರಿಗೇ ನಿಂತುಬಿಡುತ್ತದೆ, ಮಾಂಸ ಚೆನ್ನಾಗಿ ಕೆಂಪಗಾಗಲು 140ರ ಆಸುಪಾಸಾದರೂ ಬೇಕು.

ಈ ಕಾವಲಿ ಕಾಯುವುದು ನಿಧಾನ. ಆದರೆ ಕಾದ ಮೇಲೆ ತಣ್ಣನೆ ಮಾಂಸ ಬಿದ್ದರೂ ಬೇಗ ಬಿಸಿ ಬಿಟ್ಟುಕೊಡಲ್ಲ. ಅಂಥ ಮನುಷ್ಯರೂ ಇರ್ತಾರೆ ಅಲ್ವಾ? ನನಗೆ ಅವರ ಮೇಲೆ ಪ್ರೀತಿ ಜಾಸ್ತಿ.

ಹಾಂ, ಮೊದಲು ಅಂಟಿಕೊಂಡ ಹಾಗೆ ಅನಿಸಿದರೆ ಎಳೆಯಬೇಡಿ. ಕಂದು ಪದರ ಕಟ್ಟಿದ ಮೇಲೆ ತಾನಾಗಿಯೇ ಬಿಡುತ್ತದೆ.