ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುವವರು ಸ್ಕೂಬಾ ಡೈವಿಂಗ್ ಮಾಡಬಹುದೇ?

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆಂಬುದನ್ನಾಗಲಿ, ಬಿಡುವಾದಾಗ ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿಗೆ ಇಳಿಯುವ ಸ್ಕೂಬಾ ಡೈವಿಂಗ್‌ಗೆ ಹೋಗುತ್ತೇನೆಂಬುದನ್ನಾಗಲಿ ನಾನು ಮುಚ್ಚಿಟ್ಟವಳಲ್ಲ. ಹಾಗಾಗಿ ಮಳೆಗಾಲ ಮುಗಿದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ದೋಣಿಗಳು ಹೊರಡತೊಡಗಿದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ನಾನೂ ಮಾತ್ರೆ ತಗೊಳ್ತಿದೀನಿ ಅಕ್ಕ, ನೀರಿಗೆ ಇಳೀಬಹುದಾ?” ಹಲವರು ಇಳಿಯಬಹುದು, ಕೆಲವರು ಸದ್ಯಕ್ಕೆ ಇಳಿಯಬಾರದು. ಕಾಯಿಲೆಯ ಹೆಸರಷ್ಟನ್ನೇ ಕೇಳಿ ಇದನ್ನು ತೀರ್ಮಾನಿಸಲಾಗದು. ನೀರಿನಡಿಯಲ್ಲಿ ಗಾಬರಿಯಾದ ಕ್ಷಣದಲ್ಲಿ ನೀವು ಏನು ಮಾಡುತ್ತೀರಿ ಎಂಬುದೇ ಮುಖ್ಯ. ಕಾಯಿಲೆಯನ್ನೂ ಮಾತ್ರೆಯನ್ನೂ ಆ ಕ್ಷಣವನ್ನು ಮುಂದಿಟ್ಟುಕೊಂಡೇ ತೂಗಿನೋಡಬೇಕು.

ನೆಲದ ಮೇಲೆ ಬರುವ ಪ್ಯಾನಿಕ್ ಅಟ್ಯಾಕ್ ಎಷ್ಟೇ ಭೀಕರವೆನಿಸಿದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ನೀರಿನಡಿಯಲ್ಲಿ ಹಾಗಲ್ಲ. ಅಲ್ಲಿ ಗಾಬರಿಯಾದವರು ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುತ್ತಾರೆ, ಅಪಾಯ ಇರುವುದೂ ಅದರಲ್ಲೇ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಎರಡು ಪಟ್ಟು ಇರುವುದರಿಂದ, ಅಲ್ಲಿ ಸಿಲಿಂಡರಿನಿಂದ ಪೂರ್ತಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಜಾಗ ಬೇಡುತ್ತದೆ; ಉಸಿರು ಬಿಡದಿದ್ದರೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳನ್ನು ತಲುಪಬಹುದು. ಇದಕ್ಕೆ ಈಜುಕೊಳದಷ್ಟು ಆಳವೇ ಸಾಕು. ಹೊಸಬರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ ಎಂಬ ಮಾತು ಕೇಳಿ ನಿಶ್ಚಿಂತರಾಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಗಾಬರಿಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಮಾಸ್ಕಿನ ಅಂಚಿನಡಿ ನಾಲ್ಕೆಳೆ ಕೂದಲು ಸಿಕ್ಕಿಕೊಂಡರೆ ನೀರು ಒಸರಿ ಮೂಗಿಗೆ ತಾಗುತ್ತದೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲಿದ್ದು ಗಾಳಿ ಸರಾಗವಾಗಿ ಬರುತ್ತಿದ್ದರೂ ಉಸಿರು ಕಟ್ಟಿದಂತಾಗುತ್ತದೆ. ಆಗ ಮೇಲುಸಿರು ಬೇಗಬೇಗ ಎಳೆಯತೊಡಗಿದರೆ ಕಾರ್ಬನ್ ಡೈಆಕ್ಸೈಡ್ ಸರಿಯಾಗಿ ಹೊರಹೋಗದೆ ಒಳಗೇ ಉಳಿದು, ಗಾಳಿ ಸಾಲುತ್ತಿಲ್ಲವೆಂಬ ಭಾವನೆಯನ್ನು ಇನ್ನಷ್ಟು ಕೆರಳಿಸುತ್ತದೆ. ಅಮೆರಿಕದ ಸಂಶೋಧಕ ವಿಲಿಯಂ ಮಾರ್ಗನ್ ಅವರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಡೈವರ್‌ಗಳು ಒಮ್ಮೆಯಾದರೂ ಇಂಥ ಗಾಬರಿಗೆ ಸಿಲುಕಿದ್ದುದಾಗಿ, ಇಲ್ಲವೇ ಅದರ ಅಂಚಿಗೆ ಹೋಗಿದ್ದುದಾಗಿ ಹೇಳಿದ್ದರು. ಅಂದರೆ ಇದು ಮಾತ್ರೆ ತಿನ್ನುವವರಿಗೆ ಮಾತ್ರ ಬರುವ ಕಷ್ಟವಲ್ಲ. ಆದರೂ ಇತ್ತೀಚಿನ ತಿಂಗಳುಗಳಲ್ಲಿ ಪ್ಯಾನಿಕ್ ಅಟ್ಯಾಕ್ ಆದವರು, ಆತ್ಮಹತ್ಯೆಯ ಯೋಚನೆ ಬಂದವರು, ಭ್ರಮೆಗಳು ಇನ್ನೂ ಹತೋಟಿಗೆ ಬಾರದವರು ಸದ್ಯಕ್ಕೆ ನೀರಿಗಿಳಿಯುವ ಯೋಚನೆಯನ್ನೇ ಬಿಡಬೇಕು.

ಇನ್ನು ಮಾತ್ರೆಗಳ ವಿಷಯ. ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್, ಸೆರ್ಟ್ರಲಿನ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ಒಂದೇ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾ, ಮಂಪರು ತಲೆಸುತ್ತುಗಳಿಲ್ಲದೆ ಆರಾಮವಾಗಿರುವವರಿಗೆ ವೈದ್ಯರು ಒಪ್ಪಿಗೆ ಕೊಡುವುದುಂಟು. ಆತಂಕ ತಗ್ಗಿಸಲು ಕೊಡುವ ಕ್ಲೋನಜೆಪಾಮ್, ಆಲ್ಪ್ರಜೊಲಾಮ್ ಮಾತು ಬೇರೆ. ಅವು ಎಚ್ಚರವನ್ನೇ ಮಂಕಾಗಿಸುತ್ತವೆ. ದೋಣಿಯಲ್ಲಿ ವಾಂತಿ ಬಾರದಿರಲೆಂದು ನಮ್ಮವರು ನುಂಗುವ ಅವೊಮಿನ್ ಕೂಡ ಮಂಪರು ಬರಿಸುವಂಥದ್ದೇ, ಎರಡೂ ಒಟ್ಟಾದರೆ ಮಂಪರು ಇನ್ನಷ್ಟು ಹೆಚ್ಚುತ್ತದೆ. ಖಿನ್ನತೆಗೇ ಕೊಡುವ ಇನ್ನೊಂದು ಮಾತ್ರೆ ಬ್ಯುಪ್ರೊಪಿಯಾನ್ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ನೀರಿನಡಿಯಲ್ಲಿ ಫಿಟ್ಸ್ ಬಂದು ಬಾಯಿಂದ ರೆಗ್ಯುಲೇಟರ್ ಜಾರಿದರೆ ಮುಳುಗುವುದೊಂದೇ ಬಾಕಿ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ಬೇರೆಯದೇ ಅಪಾಯವಿದೆ: ಬಿಸಿಲು, ವಾಂತಿ, ನೀರಿನಲ್ಲಿದ್ದಾಗ ಪದೇ ಪದೇ ಬರುವ ಮೂತ್ರ, ಇವುಗಳಿಂದ ದೇಹದ ನೀರಿನಂಶ ಇಳಿದಂತೆ ರಕ್ತದಲ್ಲಿ ಲಿಥಿಯಂ ಪ್ರಮಾಣ ವಿಷವಾಗುವ ಮಟ್ಟಕ್ಕೂ ಏರಬಹುದು. ಇವೆಲ್ಲವನ್ನೂ ಕೇಳಿದವರು, ಹಾಗಾದರೆ ಹೊರಡುವ ಮುಂಚಿನ ನಾಲ್ಕು ದಿನ ಮಾತ್ರೆಯನ್ನೇ ಬಿಟ್ಟುಬಿಡುತ್ತೇನೆ ಎನ್ನುವುದುಂಟು. ಅದು ಎಲ್ಲಕ್ಕಿಂತ ಕೆಟ್ಟ ಉಪಾಯ. ತಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ಚಡಪಡಿಕೆ ಶುರುವಾಗಬಹುದು, ಅದೂ ಸರಿಯಾಗಿ ದೋಣಿ ಹತ್ತುವ ಹೊತ್ತಿಗೆ.

ಡೈವಿಂಗ್‌ಗೆ ಮುನ್ನ ತುಂಬಿಸಿಕೊಳ್ಳುವ ಆರೋಗ್ಯ ಪ್ರಶ್ನಾವಳಿ ಈಗ ಜಗತ್ತಿನ ಬಹುಕಡೆ ಒಂದೇ ಬಗೆಯದು. ಮಾನಸಿಕ ಸಮಸ್ಯೆಗೆ ಈಗ ಚಿಕಿತ್ಸೆಯಲ್ಲಿದ್ದೀರಾ, ಕಳೆದ 5 ವರ್ಷಗಳಲ್ಲಿ ಚಿಕಿತ್ಸೆ ಬೇಕಾಗಿತ್ತೇ ಎಂದು ಅದು ನೇರವಾಗಿ ಕೇಳುತ್ತದೆ. ಕಡಲ ದಂಡೆಯಲ್ಲಿ, ಹಿಂದೆ ಸಾಲು ನಿಂತಿರುವಾಗ ಆ ಹಾಳೆ ಕೈಗೆ ಬಂದರೆ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುವುದು ಸುಲಭ. ಹಣ ಕಟ್ಟಿಯಾಗಿದೆ, ಗೆಳೆಯರೆಲ್ಲ ಸಜ್ಜಾಗಿದ್ದಾರೆ, ಅಪರಿಚಿತರೆದುರು ಕಾಯಿಲೆಯ ಹೆಸರು ಬರೆಯಲು ಮುಜುಗರ. ಆ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಕೈ ಹಿಡಿದು ಕೆಳಗಿಳಿಸುವ ಇನ್‌ಸ್ಟ್ರಕ್ಟರ್‌ಗೆ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ, ನಿಮ್ಮ ಕಣ್ಣಲ್ಲಿ ಹೆದರಿಕೆ ಮೂಡುವುದನ್ನು ಅವರು ಮುಂಚಿತವಾಗಿ ಗುರುತಿಸುವುದು ಕಷ್ಟ. ಆದ್ದರಿಂದ ಫಾರ್ಮನ್ನು ವಾರಗಳ ಮೊದಲೇ ತರಿಸಿಕೊಂಡು, ಮನೋವೈದ್ಯರನ್ನು ಕಾಣಲು ಹೋದಾಗ ಜೊತೆಗೊಯ್ಯಿರಿ. ಎಲ್ಲ ಮನೋವೈದ್ಯರಿಗೂ ಡೈವಿಂಗ್ ಗೊತ್ತಿರಬೇಕೆಂದಿಲ್ಲ. ಆಳ ಎಷ್ಟು, ಗಾಳಿ ಎಲ್ಲಿಂದ, ಎಷ್ಟು ಹೊತ್ತು ಎಂದು ನೀವೇ ವಿವರಿಸಬೇಕಾದೀತು.

ಒಪ್ಪಿಗೆ ಸಿಕ್ಕಿದವರು ಸಮುದ್ರಕ್ಕಿಂತ ಮೊದಲು ಈಜುಕೊಳಕ್ಕೆ ಹೋಗುವುದು ಒಳ್ಳೆಯದು. ಮಾಸ್ಕಿಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೇಲಂಚನ್ನು ಬೆರಳಿನಿಂದ ಒತ್ತಿ, ಮುಖವನ್ನು ತುಸು ಮೇಲೆತ್ತಿ ಮೂಗಿನಿಂದ ಊದಿ ನೀರನ್ನು ಹೊರಹಾಕುವುದು ಬೇಸರ ಬರುವಷ್ಟು ಸಲ ಅಭ್ಯಾಸವಾಗಲಿ. ಹೆಬ್ಬೆರಳು ಎತ್ತಿ ತೋರಿಸಿದರೆ ನೆಲದ ಮೇಲೆ ‘ಭೇಷ್’ ಎಂದರ್ಥವಾದರೂ ನೀರಿನಡಿಯಲ್ಲಿ ‘ಮೇಲೆ ಹೋಗೋಣ’ ಎಂದರ್ಥ, ಮತ್ತು ಅದನ್ನು ತೋರಿಸಲು ಯಾರೂ ಕಾರಣ ಹೇಳಬೇಕಿಲ್ಲ. ಇಳಿಯುವ ಮೊದಲೇ ಇನ್‌ಸ್ಟ್ರಕ್ಟರ್ ಜೊತೆ ಇದನ್ನು ಮಾತಾಡಿಕೊಂಡು, ಆ ದಿನ ಬೆಳಿಗ್ಗೆ ನಿದ್ದೆ ಸಾಲದೆ ಮನಸ್ಸು ಕದಡಿದ್ದರೆ ದೋಣಿಯಲ್ಲೇ ಉಳಿಯಿರಿ.

ವೈದ್ಯರು ಬೇಡವೆಂದರೆ ಸ್ನಾರ್ಕಲಿಂಗ್ ಆಗಬಹುದೇ ಎಂದು ಅವರನ್ನೇ ಕೇಳಿ. ಲೈಫ್ ಜಾಕೆಟ್ ತೊಟ್ಟು ಮೇಲ್ಮೈಯಲ್ಲೇ ತೇಲುತ್ತಾ ಹೊರಗಿನ ಗಾಳಿಯನ್ನೇ ಉಸಿರಾಡುವುದರಿಂದ ಶ್ವಾಸಕೋಶ ಹಿಗ್ಗಿ ಹರಿಯುವ ಅಪಾಯ ಅಲ್ಲಿಲ್ಲ, ಗಾಬರಿಯಾದರೆ ತಲೆ ಎತ್ತಿದರಾಯಿತು. ನೀರು ತಿಳಿಯಾಗಿರುವ ದಿನ ನೇತ್ರಾಣಿಯ ಬಂಡೆಗಳ ಬಳಿಯ ಮೀನುಗಳು ಮೇಲಿನಿಂದಲೂ ಚೆನ್ನಾಗಿಯೇ ಕಾಣುತ್ತವೆ.